ಮೋಡಗಲ್ಲಿನ ಮೇಲೆ ಓಗೊಟ್ಟವಳು

ಒಂದು ಕಾಡಿನ ಬೆನ್ನಿಗೆ ಅಂಟಿಕೊಂಡು ಒಂದು ಬೆಟ್ಟವಿತ್ತು. ಅದರ ಹೆಸರು ಮೋಡಗಲ್ಲು. ಬುಡದಿಂದ ಮೇಲಿನವರೆಗೆ ಬರೀ ಕಲ್ಲು. ನೆತ್ತಿಯ ಮೇಲೆ ಮಾತ್ರ ಹುಲ್ಲು ಬೆಳೆದ ಒಂದು ಬಯಲು. ಆಷಾಢ ಬಂತೆಂದರೆ ಮೋಡ ಕೆಳಗಿಳಿದು ಆ ಬೆಟ್ಟದ ಮೇಲೆ ಕೂತುಬಿಡುತ್ತಿತ್ತು. ಆಗ ಹಗಲಿನಲ್ಲೂ ತನ್ನ ಮೂಗು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ಅದೇ ಆಷಾಢದಲ್ಲಿ ಹೊಳೆಯೂ ಉಕ್ಕುತ್ತಿತ್ತು. ನೀರು ಕಾಡಿನೊಳಗೆ ನುಗ್ಗಿ ಬಿಲಗಳಲ್ಲೆಲ್ಲ ತುಂಬಿಕೊಳ್ಳುತ್ತಿತ್ತು. ಹಕ್ಕಿಗಳಿಗೇನು, ರೆಕ್ಕೆ ಬಡಿದು ಹಾರಿಹೋಗುತ್ತಿದ್ದವು. ನಾಲ್ಕು ಕಾಲಿನವರ ಪಾಡು ಹಾಗಲ್ಲವಲ್ಲ. ಅವರೆಲ್ಲ ವರ್ಷವರ್ಷವೂ ಒಂದೇ ಸಾಲಾಗಿ ಬೆಟ್ಟ ಹತ್ತುತ್ತಿದ್ದರು. ನೀರು ಇಳಿಯುವ ತನಕ ನೆತ್ತಿಯ ಬಯಲಿನಲ್ಲಿದ್ದು ಮತ್ತೆ ಇಳಿದು ಬರುತ್ತಿದ್ದರು.

ಹತ್ತುವಾಗ ಒಂದು ಕಟ್ಟಳೆ ಇತ್ತು. ಬೆಟ್ಟದ ಮೇಲೆ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯಬಾರದು. ಯಾರಾದರೂ ಕರೆದರೆ ‘ಓ’ ಎನ್ನಬಾರದು. ತಿರುಗಿ ನೋಡಬಾರದು. ಏಕೆಂದರೆ ಮೋಡದೊಳಗೆ ಕೂಗುಮಾರಿ ಇದ್ದಾಳೆ. ನಿಮಗೆ ಬೇಕಾದವರ ದನಿಯಲ್ಲೇ ನಿಮ್ಮ ಹೆಸರು ಹಿಡಿದು ಕೂಗುತ್ತಾಳೆ. ಓಗೊಟ್ಟಿರೋ, ಅಲ್ಲಿಗೆ ನಿಮ್ಮ ಕಥೆ ಮುಗಿಯಿತು.

ಈ ಕಟ್ಟಳೆಯನ್ನು ತಂದವನು ಸಾವಕಾಶಪ್ಪ ಎಂಬ ಕತ್ತೆಕಿರುಬ. ಯಾವಾಗಲೂ ತಗ್ಗಿದ ತಲೆ, ತಗ್ಗಿದ ದನಿ. “ನಾನು ಕೊಲ್ಲೋನಲ್ಲ ಕಣ್ರಪ್ಪ. ನನ್ನ ಜನ್ಮದಲ್ಲಿ ಒಂದು ಇಲಿಯನ್ನೂ ಕೊಂದವನಲ್ಲ. ಸತ್ತಿದ್ದನ್ನ ತಿಂದು ಕಾಡು ಚೊಕ್ಕವಾಗಿ ಇಡೋನು” ಎನ್ನುತ್ತಿದ್ದ. ಹೇಳಬೇಕೆಂದರೆ ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಬೆಟ್ಟ ಹತ್ತುವಾಗ ಅವನು ಸಾಲಿನ ಕೊನೆಯಲ್ಲಿ ಬರುತ್ತಿದ್ದ. “ಹಿಂದುಗಡೆ ನಾನಿರ್ತೀನಿ. ಕೂಗುಮಾರಿ ಬಂದ್ರೆ ಮೊದಲು ನನ್ನನ್ನ ಹಿಡೀಲಿ” ಎನ್ನುತ್ತಿದ್ದ. ಎಂಥ ದೊಡ್ಡ ಮನಸ್ಸು ಎಂದು ಎಲ್ಲರೂ ತಲೆದೂಗುತ್ತಿದ್ದರು.

ಪ್ರತಿವರ್ಷ ಯಾರಾದರೂ ಒಬ್ಬರು ನೆತ್ತಿ ಮುಟ್ಟುತ್ತಿರಲಿಲ್ಲ. ಸಾವಕಾಶಪ್ಪ ಎಲ್ಲರಿಗಿಂತ ತಡವಾಗಿ, ಹೊಟ್ಟೆ ತುಂಬಿಸಿಕೊಂಡು, ಹತ್ತಿ ಬರುತ್ತಿದ್ದ. “ಕೂಗುಮಾರಿ ಹಿಡಿದಳಪ್ಪ, ನನ್ನ ಕೈಲಾಗಲಿಲ್ಲ” ಎಂದು ಕಣ್ಣೊರೆಸಿಕೊಳ್ಳುತ್ತಿದ್ದ. ಎಲ್ಲರೂ ಅವನ ಕಣ್ಣು ನೋಡಿದರು, ಹೊಟ್ಟೆ ನೋಡಲಿಲ್ಲ. ಅವರಿಗೆ ಬುದ್ಧಿ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಆದರೆ ಹೆದರಿಕೆ ಬಂದು ಕೂತ ಕಡೆ ಬುದ್ಧಿ ಎದ್ದು ಜಾಗ ಬಿಟ್ಟುಕೊಡುತ್ತದೆ. ಆ ಕಾಡಿನಲ್ಲೂ ಹಾಗೇ ಆಗಿತ್ತು.

ಆ ಸಾಲಿನಲ್ಲಿ ಚಿಪ್ಪವ್ವ ಎಂಬ ಚಿಪ್ಪುಹಂದಿಯೂ ಇದ್ದಳು. ಮೈತುಂಬ ಗಟ್ಟಿ ಚಿಪ್ಪು, ಒಳಗೆ ಪುಕ್ಕಲು ಜೀವ. ಎಲೆ ಅಲುಗಿದರೂ ಸಾಕು, ಉಂಡೆಯಾಗಿ ಸುರುಟಿಕೊಂಡುಬಿಡುತ್ತಿದ್ದಳು. ಅವಳ ಅವ್ವ ಕಲಿಸಿದ ವಿದ್ಯೆಯೇ ಅದೊಂದು. ಈ ವರ್ಷ ಅವಳ ಬಾಲದ ಬುಡದಲ್ಲಿ ಬಿಲ್ಲೆ ಕೂತಿದ್ದಳು. ಬಿಲ್ಲೆ ಅವಳ ಮರಿ. ಇನ್ನೂ ಚಿಪ್ಪು ಗಟ್ಟಿಯಾಗದ ಮರಿ. ಚಿಪ್ಪವ್ವ ಸುರುಟಿಕೊಂಡರೆ ಬಿಲ್ಲೆ ಒಳಗೆ ಬೆಚ್ಚಗೆ ಸೇರಿಕೊಳ್ಳುತ್ತಿದ್ದಳು.

ಚಿಪ್ಪವ್ವನ ಎದೆಯಲ್ಲಿ ಒಂದು ಗುಟ್ಟಿತ್ತು. ಹೋದ ವರ್ಷ ಇದೇ ಬೆಟ್ಟ ಹತ್ತುವಾಗ ಮೋಡದೊಳಗಿಂದ ಯಾರೋ ಅವಳನ್ನು ಕರೆದಿದ್ದರು. “ಚಿಪ್ಪವ್ವಾ... ಚಿಪ್ಪವ್ವಾ...” ದನಿ ಪಾತಾಳದಿಂದ ಬಂದಂತಿತ್ತು. ಆದರೂ ಅದು ಅವಳ ಗೆಳತಿ, ಮುಳ್ಳುಹಂದಿ ಮುಳ್ಳವ್ವನ ದನಿಯ ಹಾಗೇ ಇತ್ತು. ಚಿಪ್ಪವ್ವ ಓಗೊಡಲಿಲ್ಲ. ಕಟ್ಟಳೆಯಂತೆ ತಲೆತಗ್ಗಿಸಿ ನಡೆದಳು. ಆ ವರ್ಷ ನೆತ್ತಿ ಮುಟ್ಟದವಳು ಮುಳ್ಳವ್ವ. ಕೂಗುಮಾರಿ ಮೊದಲು ಮುಳ್ಳವ್ವನನ್ನು ತಿಂದು, ಆಮೇಲೆ ಅವಳ ದನಿಯಲ್ಲಿ ಕೂಗಿದಳು ಎಂದು ಸಾವಕಾಶಪ್ಪ ಬಿಡಿಸಿ ಹೇಳಿದ. ಚಿಪ್ಪವ್ವ ನಂಬಿದಳು. ನಂಬದಿದ್ದರೆ ನಿದ್ದೆ ಬರುತ್ತಿರಲಿಲ್ಲ. ನಂಬಿದರೂ ಬರುತ್ತಿರಲಿಲ್ಲ, ಆ ಮಾತು ಬೇರೆ.

ಈ ಸಲ ಹೊಳೆ ಎಂದಿಗಿಂತ ಜೋರಾಗಿ ಬಂತು. ಬೆಳಗಾಗುವಾಗ ಕಾಡಿನವರೆಲ್ಲ ಬೆಟ್ಟದ ಬುಡದಲ್ಲಿ ಕೂಡಿದರು. ಎಲ್ಲರಿಗಿಂತ ಮುಂದೆ ಕರಿಮೋರೆಯ ಮುಸುವಜ್ಜ, ಅವನಿಗೆ ದಾರಿ ಗೊತ್ತು. ಅವನ ಹಿಂದೆ ಉಡಪ್ಪ ಎಂಬ ಉಡ. ಆಮೇಲೆ ಇಲಿ, ಮುಂಗುಸಿ, ಆಮೆಗಳ ಸಂಸಾರಗಳು. ಅವರ ಹಿಂದೆ ಗಡಿಬಿಡಿ ಎಂಬ ಮೊಲ. ಗಡಿಬಿಡಿಯ ಹಿಂದೆ ಚಿಪ್ಪವ್ವ, ಬಿಲ್ಲೆ. ಕೊನೆಗೆ ಸಾವಕಾಶಪ್ಪ.

“ಮೇಲೆ ಇರುವೆ ಇರ್ತವಾ ಮಾಮಾ?” ಎಂದು ಬಿಲ್ಲೆ ಮೊಲವನ್ನು ಕೇಳಿದಳು.

“ಒಂಟಿ ಕಾರೆಗಿಡದ ಬುಡದಲ್ಲಿ ದೊಡ್ಡ ಗೂಡಿದೆ. ತೋರಿಸ್ತೀನಿ. ಈಗ ಬಾಯಿ ಮುಚ್ಕೊಂಡಿರು” ಎಂದು ಗಡಿಬಿಡಿ ಪಿಸುಗುಟ್ಟಿದ.

“ಹೂಂ, ಇನ್ನು ಮಾತು ಬೇಡ” ಎಂದ ಸಾವಕಾಶಪ್ಪ ಹಿಂದಿನಿಂದ. “ಮೋಡ ಶುರುವಾಯ್ತು.”

ನಿಜಕ್ಕೂ ಶುರುವಾಗಿತ್ತು. ಮುಂದೆ ಹೋಗುತ್ತಿದ್ದ ಒಬ್ಬೊಬ್ಬರನ್ನೇ ಮೋಡ ನುಂಗುತ್ತಾ ಬಂತು. ಮುಸುವಜ್ಜ ಮರೆಯಾದ. ಉಡಪ್ಪ ಮರೆಯಾದ. ಗಡಿಬಿಡಿಯ ಬಿಳಿ ಬಾಲ ಸ್ವಲ್ಪ ಹೊತ್ತು ಕಂಡು ಅದೂ ಇಲ್ಲವಾಯಿತು. ಕಲ್ಲಿನ ಮೇಲೆ ಉಗುರು ಕೆರೆಯುವ ಸದ್ದು ಮಾತ್ರ ಕೇಳುತ್ತಿತ್ತು. ಹಿಂದೆ ಸಾವಕಾಶಪ್ಪನ ಉಸಿರು ಬಿಸಿಯಾಗಿ ತಾಗುತ್ತಿತ್ತು. ಅವನ ಹೆಜ್ಜೆ ಸದ್ದು ಮಾಡುತ್ತಿರಲಿಲ್ಲ.

ಬೆಟ್ಟದ ಅರ್ಧಕ್ಕೆ ಬಂದಾಗ ಪಾಚಿ ಕಟ್ಟಿದ ಒಂದು ಜಾರುಬಂಡೆ ಸಿಕ್ಕಿತು. ಚಿಪ್ಪವ್ವನ ಹಿಂಗಾಲು ಜಾರಿತು. ಸ್ವಲ್ಪವೇ ಜಾರಿದ್ದು. ಉಗುರು ಊರಿದ್ದರೆ ನಿಲ್ಲುತ್ತಿದ್ದಳು. ಆದರೆ ಹೆದರಿದ ಮೈ ಬುದ್ಧಿಯನ್ನು ಕೇಳುತ್ತದೆಯೇ? ಗಪ್ಪನೆ ಉಂಡೆ ಸುತ್ತಿಕೊಂಡಳು. ಇಳಿಜಾರಿನ ಮೇಲೆ ಉಂಡೆಯಾದದ್ದು ಇನ್ನೇನು ಮಾಡೀತು, ಉರುಳಿತು. ಉರುಳಿ, ಪುಟಿದು, ಮತ್ತೆ ಉರುಳಿ, ಹೊಳೆಯ ಮಟ್ಟದವರೆಗೂ ಇಳಿದಿದ್ದ ಒಂದು ಆಳದ ಕಲ್ಲಿನ ಸೀಳಿನೊಳಗೆ ದಡದಡನೆ ಬಿತ್ತು.

ಬಹಳ ಹೊತ್ತು ಅವಳು ಸುರುಳಿ ಬಿಚ್ಚಲಿಲ್ಲ. ಒಳಗೆ ಬಿಲ್ಲೆ ಮುಲುಗಿದಳು. ಬದುಕಿದ್ದಾಳೆ ಎಂದು ಗೊತ್ತಾದ ಮೇಲೆ ಮೆಲ್ಲಗೆ ತಲೆ ಹೊರಗೆ ಹಾಕಿದಳು. ಎರಡು ಕಡೆಯೂ ಎತ್ತರದ ಕಲ್ಲುಗೋಡೆ. ಮೇಲಕ್ಕೆ ಹೋಗಬೇಕೆಂದರೆ ಅದೇ ಜಾರುವ ಗೋಡೆ ಹತ್ತಬೇಕು. ಕೆಳಗಡೆ ಒಂದು ಕಿರಿದಾದ ಸಂದಿ ಹೊಳೆಯ ಕಡೆಗೆ ತೆರೆದಿತ್ತು. ಅಲ್ಲಿಂದ ನೀರಿನ ಮೊರೆತ ಬರುತ್ತಿತ್ತು.

“ಗಡಿಬಿಡಿ ಅಣ್ಣಾ” ಎಂದು ಚಿಪ್ಪವ್ವ ಕೂಗಿದಳು.

ಕಲ್ಲುಗೋಡೆಗಳು ಆ ಕೂಗನ್ನು ಒಂದರಿಂದ ಒಂದಕ್ಕೆ ಎಸೆದಾಡಿದವು. ಉದ್ದವಾಗಿ, ಪೊಳ್ಳಾಗಿ ಅದು ಮೇಲೆ ಹೋಯಿತು. ಅವಳಿಗೇ ಅದು ತನ್ನ ದನಿ ಅನಿಸಲಿಲ್ಲ. ಎಲ್ಲೋ ಕೇಳಿದ ದನಿ. ಪಾತಾಳದಿಂದ ಬಂದಂಥ ದನಿ.

ಮೇಲೆ ಉಗುರಿನ ಸದ್ದು ಒಂದು ಗಳಿಗೆ ನಿಂತಿತು. “ಕೂಗುಮಾರಿ” ಎಂದು ಯಾರೋ ಪಿಸುಗುಟ್ಟಿದ್ದು ಕೇಳಿಸಿತು. ಆಮೇಲೆ ಉಗುರುಗಳು ಬೇಗಬೇಗ ಕೆರೆದವು. ಎಲ್ಲರೂ ಓಡುತ್ತಿದ್ದರು.

ಆಗ ಚಿಪ್ಪವ್ವನಿಗೆ ತಿಳಿಯಿತು. ಮೋಡದೊಳಗೆ ಯಾವ ಕೂಗುಮಾರಿಯೂ ಇರಲಿಲ್ಲ. ಬಿದ್ದವರು ಕೂಗುತ್ತಿದ್ದರು, ಅಷ್ಟೆ. ಹೋದ ವರ್ಷ ಕೂಗಿದ್ದು ಮುಳ್ಳವ್ವ. ಬದುಕಿದ್ದ ಮುಳ್ಳವ್ವ. ಮುಂಗಾಲು ಊರಲು ಹೋದಾಗ ಏನೋ ಚುಚ್ಚಿತು. ನೋಡಿದರೆ ಕಪ್ಪು ಬಿಳಿ ಪಟ್ಟೆಯ ಮುಳ್ಳುಗಳು. ನೆಲದ ತುಂಬ ಚೆಲ್ಲಿದ್ದವು.

“ನಿನ್ನನ್ನೇ ಕೂಗ್ತಿದ್ದಳು ಕಣವ್ವ” ಎಂದಿತು ಒಂದು ತಗ್ಗಿದ ದನಿ. “ಬಹಳ ಹೊತ್ತು ಕೂಗಿದಳು. ಗಟ್ಟಿ ಜೀವ.”

ಕೆಳಗಿನಿಂದ ಬಳಸಿ ಬಂದು ಸಂದಿಯ ಬಾಯಲ್ಲಿ ಸಾವಕಾಶಪ್ಪ ಕೂತಿದ್ದ. ಮುಂಗಾಲುಗಳನ್ನು ನೀಟಾಗಿ ಜೋಡಿಸಿಕೊಂಡು, ಊಟಕ್ಕೆ ಎಲೆ ಹಾಕುವುದನ್ನು ಕಾಯುವ ನೆಂಟನ ಹಾಗೆ ಕೂತಿದ್ದ.

“ನೀನು ಅವಳನ್ನ ಕೊಂದೆ” ಎಂದಳು ಚಿಪ್ಪವ್ವ.

“ಛೆ ಛೆ. ನಾನು ಕೊಲ್ಲೋನಲ್ಲ, ಕಾಯೋನು. ಮೇಲಿನವರು ಓ ಅನ್ನಲಿಲ್ಲ. ಓ ಅನ್ನಲ್ಲ ಅಂತ ಗೊತ್ತಾದ ಮೇಲೆ ಅವಳೇ ಮಲಗಿದಳು. ಎಲ್ಲರೂ ಹಾಗೇನೇ. ಮೊದಲು ಹತ್ತಕ್ಕೆ ನೋಡ್ತಾರೆ, ಆಮೇಲೆ ಕೂಗ್ತಾರೆ, ಆಮೇಲೆ ಮಲಗ್ತಾರೆ. ನೀನೂ ಸುರುಟಿಕೊಂಡು ಮಲಗವ್ವ. ಮರಿ ಬೆಚ್ಚಗಿರುತ್ತೆ. ಅವಸರ ಏನಿಲ್ಲ. ನಾನಿಲ್ಲೇ ಇರ್ತೀನಿ.”

ಆ ಮಾತಿನಲ್ಲಿ ಎಷ್ಟು ಅಕ್ಕರೆ ಇತ್ತೆಂದರೆ ಚಿಪ್ಪವ್ವನ ಬೆನ್ನು ತಾನಾಗಿ ಬಾಗತೊಡಗಿತು. ಸುರುಟಿಕೊಳ್ಳುವುದು ಅವಳಿಗೆ ಎಷ್ಟು ಸುಲಭ. ಕಣ್ಣು ಮುಚ್ಚಿದರಾಯಿತು. ಅಷ್ಟರಲ್ಲಿ ಬಿಲ್ಲೆ, “ಅವ್ವ, ಇಲ್ಲಿ ನಾತ ಬರುತ್ತೆ. ಮೇಲೆ ಹೋಗೋಣ” ಎಂದಳು. ಚಿಪ್ಪವ್ವ ಬೆಚ್ಚಿ ಕಣ್ಣು ತೆರೆದಳು. ತಾನು ಇಲ್ಲಿ ಮಲಗಿದರೆ ಬಿಲ್ಲೆಯೂ ಇಲ್ಲೇ ಮಲಗುತ್ತಾಳೆ.

ಅವಳು ಗೋಡೆ ಹತ್ತತೊಡಗಿದಳು. ಸ್ವಲ್ಪ ಹತ್ತಿದಳು, ಕಾಲು ಜಾರಿತು, ಮೈ ಉಂಡೆಯಾಯಿತು, ಉರುಳಿ ಕೆಳಗೆ ಬಂದಳು. ಮತ್ತೆ ಹತ್ತಿದಳು. ಮತ್ತೆ ಜಾರಿತು, ಮತ್ತೆ ಉಂಡೆ, ಮತ್ತೆ ಕೆಳಗೆ. ಸಾವಕಾಶಪ್ಪ ನಗಲಿಲ್ಲ. ಪ್ರತಿಸಲವೂ “ಅಯ್ಯೋ ಪಾಪ” ಎನ್ನುತ್ತಿದ್ದ. ಹೊಳೆಯ ನೀರು ಸಂದಿಯ ಬಾಯಿಗೆ ಬಂದು ಅವನ ಬಾಲ ನೆನೆಸಿತು. ಅವನು ಎದ್ದು ಸ್ವಲ್ಪ ಒಳಗೆ ಬಂದು ಕೂತ. ಕಾಯುವುದನ್ನು ಬಿಡಲಿಲ್ಲ.

ಕೆಳಗೆ ಬಿದ್ದು ಏದುಸಿರು ಬಿಡುತ್ತಾ ಚಿಪ್ಪವ್ವ ಯೋಚಿಸಿದಳು. ಜಾರುವುದು ಕಾಲು. ಆದರೆ ಕೆಳಕ್ಕೆ ತರುವುದು ಕಾಲಲ್ಲ, ಈ ಉಂಡೆ. ಜಾರಿದಾಗಲೆಲ್ಲ ಕಲ್ಲು ಬಿಟ್ಟು ನನ್ನನ್ನೇ ನಾನು ಅಪ್ಪಿಕೊಳ್ಳುತ್ತಿದ್ದೇನೆ.

“ಬಿಲ್ಲೆ, ಈ ಸಲ ಅವ್ವ ಜಾರಿದರೂ ಸುರುಟಿಕೊಳ್ಳಲ್ಲ. ನಿನ್ನನ್ನ ಮುಚ್ಚಿಕೊಳ್ಳೋಕೆ ಆಗಲ್ಲ. ನೀನು ಬಾಲ ಬಿಡಬೇಡ.”

“ಬಿಡಲ್ಲ.”

“ನಿನಗೆ ಹೆದರಿಕೆ ಆಗುತ್ತೆ.”

“ಆಗ ಕೂಗ್ತೀನಿ” ಎಂದಳು ಬಿಲ್ಲೆ. ಆ ಮರಿಗೆ ಕಟ್ಟಳೆ ಇನ್ನೂ ಸರಿಯಾಗಿ ಬಾಯಿಪಾಠ ಆಗಿರಲಿಲ್ಲ. ಪುಣ್ಯ.

ಚಿಪ್ಪವ್ವ ಹತ್ತಿದಳು. ಕಾಲು ಜಾರಿತು. ಮೈಯ ಒಂದೊಂದು ಚಿಪ್ಪೂ ಮುಚ್ಚು ಮುಚ್ಚು ಎಂದು ಬೊಬ್ಬೆ ಹೊಡೆಯಿತು. ಅವಳು ಬೆನ್ನು ಬಾಗಿಸಲಿಲ್ಲ. ಹೊಟ್ಟೆಯನ್ನು ಕಲ್ಲಿಗೆ ಒತ್ತಿ, ಸಿಕ್ಕ ಬಿರುಕಿಗೆ ಉಗುರು ಊರಿದಳು. ಒಂದಿಷ್ಟು ದೂರ ಕೆರೆಯುತ್ತಾ ಜಾರಿ, ನಿಂತಳು. ಉಗುರಿನ ಬುಡದಲ್ಲಿ ರಕ್ತ ಬಂತು. ಆದರೆ ನಿಂತಿದ್ದಳು. ಅಲ್ಲಿಂದ ಮತ್ತೆ ಮೇಲೆ. ಸುತ್ತ ಮೋಡ ಮುಚ್ಚಿಕೊಂಡಿತು. ಸಾವಕಾಶಪ್ಪ ಕಾಣದಾದ, ಆಕಾಶವೂ ಕಾಣದಾಯಿತು. ಮೇಲೆ ಯಾವ ಕಡೆ, ಕೆಳಗೆ ಯಾವ ಕಡೆ ಎಂದೇ ತಿಳಿಯಲಿಲ್ಲ.

ಬಿಲ್ಲೆಗೆ ಹೆದರಿಕೆಯಾಯಿತು. ಹೇಳಿದ ಹಾಗೇ ಕೂಗಿದಳು. “ಗಡಿಬಿಡಿ ಮಾಮಾ, ಕಾರೆಗಿಡದ ಬುಡದ ಇರುವೆ ಗೂಡು ತೋರಿಸ್ತೀನಿ ಅಂದಿದ್ದೆ. ಓ ಅನ್ನು ಮಾಮಾ.”

ಮೇಲೆ, ಬಹಳ ಮೇಲೆ, ಗಡಿಬಿಡಿ ಆ ಕೂಗು ಕೇಳಿ ನಿಂತುಬಿಟ್ಟ. ಕೂಗುಮಾರಿಗೆ ಹೆಸರು ಗೊತ್ತಿರಬಹುದು, ದನಿ ಗೊತ್ತಿರಬಹುದು. ತಾನು ಪಿಸುಗುಟ್ಟಿದ ಇರುವೆ ಗೂಡು ಅವಳಿಗೇಕೆ ಬೇಕು? ಮೊಲದ ಜಾತಿಯಲ್ಲೇ ಅವನಷ್ಟು ಅಂಜುಬುರುಕ ಇನ್ನೊಬ್ಬ ಇರಲಿಲ್ಲ. ಆ ಅಂಜುಬುರುಕನೇ ತಿರುಗಿ ನಿಂತು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, “ಓ” ಎಂದ.

ಏನೂ ಆಗಲಿಲ್ಲ. ಅವನು ಒಂದು ಕಣ್ಣು ತೆರೆದು ನೋಡಿದ. ತಾನಿನ್ನೂ ಇದ್ದೇನೆ.

“ಅಜ್ಜಾ, ಉಡಪ್ಪಾ, ಬನ್ರೋ. ಯಾರೋ ಬದುಕಿದ್ದಾರೆ” ಎಂದು ಕೂಗುತ್ತಾ ಅವನು ಕೆಳಕ್ಕೆ ಓಡಿದ. ಒಬ್ಬ ಓಗೊಟ್ಟ ಮೇಲೆ ಉಳಿದವರ ಬಾಯಿಗೂ ಬೀಗ ನಿಲ್ಲಲಿಲ್ಲ. ಸೀಳಿನ ಅಂಚಿಗೆ ಎಲ್ಲರೂ ಬಂದು ಕೂಡಿದರು. ಕೆಳಗೆ ಬರೀ ಬಿಳಿ ಮೋಡ. ಮುಸುವಜ್ಜ ಅಂಚಿಗೆ ಬಗ್ಗಿ ನೋಡಿದ. “ಇವರು ಬದುಕಿದ್ದರೆ ಬೇರೆಯವರೂ ಬದುಕಿರಬಹುದಲ್ಲವೇನೋ” ಎಂದ. ಆ ಆಸೆಯಲ್ಲಿ ಅವರು ವರ್ಷವರ್ಷವೂ ಕಳೆದುಹೋದವರ ಹೆಸರನ್ನೆಲ್ಲ ಹಿಡಿದು ಕೂಗತೊಡಗಿದರು. ಎಷ್ಟೋ ಕಾಲ ಬಾಯಲ್ಲೇ ತಡೆದಿಟ್ಟ ಹೆಸರುಗಳು.

“ಮುಳ್ಳವ್ವಾ...”

ಚಿಪ್ಪವ್ವ ಗೋಡೆಯ ನಡುವೆ ಉಗುರಿನ ಮೇಲೆ ನೇತಾಡುತ್ತಿದ್ದಳು. ಕೂಗು ಬಂದ ಕಡೆಗೆ ಮುಖ ಎತ್ತಿದಳು. ಅದು ಮೇಲೆ. ದಾರಿ ಗೊತ್ತಾಯಿತು. ಮುಳ್ಳವ್ವ ಓ ಎನ್ನಲಾರಳು. ಅಂದು ತಾನು ಅನ್ನದೆ ಉಳಿಸಿಕೊಂಡ ಓ ಇನ್ನೂ ಗಂಟಲಲ್ಲೇ ಇತ್ತು. ಅಳುತ್ತಾ ಅದನ್ನು ಈಗ ಅಂದಳು.

“ಓ...”

“ಕೆಂಚ ಮುಂಗುಸೀ...” “ಓ...” ಒಂದು ಹೆಜ್ಜೆ ಮೇಲೆ. “ಆಮೆಜ್ಜೀ...” “ಓ...” ಕಾಲು ಜಾರಿತು, ಸುರುಟಿಕೊಳ್ಳಲಿಲ್ಲ, ಉಗುರು ಊರಿದಳು, ಮತ್ತೆ ಹತ್ತಿದಳು. ಒಂದೊಂದು ಹೆಸರಿಗೂ ಅವಳು ಓಗೊಟ್ಟಳು. ಒಂದೊಂದು ಓಗೂ ಸ್ವಲ್ಪ ಸ್ವಲ್ಪ ಮೇಲೆ ಬಂದಳು. ಕಲ್ಲುಗೋಡೆಗಳು ಆ ಓಗಳನ್ನೆಲ್ಲ ಹಿಡಿದು ಕೆಳಕ್ಕೆ ಎಸೆದವು.

ಕೆಳಗೆ ಸಾವಕಾಶಪ್ಪ ಎದ್ದು ನಿಂತಿದ್ದ. ಆ ಬೆಟ್ಟದಲ್ಲಿ ಅವನು ಕೂಗು ಬೇಕಾದಷ್ಟು ಕೇಳಿದ್ದ, ಓಗೊಟ್ಟದ್ದನ್ನು ಕೇಳಿರಲಿಲ್ಲ. ತಾನು ತಿಂದವರ ಹೆಸರು ಒಂದೊಂದಾಗಿ ಮೇಲಿನಿಂದ ಬರುತ್ತಿತ್ತು. ಒಂದೊಂದಕ್ಕೂ ಮೋಡದೊಳಗಿಂದ ಯಾರೋ ಅಳುತ್ತಾ ಓ ಎನ್ನುತ್ತಿದ್ದರು. ಅವನ ಕಾಲ ಕೆಳಗೆ ಮುಳ್ಳುಗಳು ಕಟಕಟ ಎಂದವು. ಅವನು ಸೀಳಿನ ಮೂಲೆಗೆ ಸರಿದು, ಗೋಡೆಗೆ ಬೆನ್ನು ಒತ್ತಿಕೊಂಡು ನಿಂತ. ಹೊರಗೆ ಓಡಲು ಅವನಿಗೆ ಆಗ ಇನ್ನೂ ದಾರಿ ಇತ್ತು. ಕಾಲು ಬರಲಿಲ್ಲ. ಹೊಳೆ ಮಾತ್ರ ಸುಮ್ಮನೆ ನಿಲ್ಲಲಿಲ್ಲ, ಏರಿ ಬಂದು ಸಂದಿಯ ಬಾಯನ್ನು ಮುಚ್ಚಿತು.

ಸೀಳಿನ ಅಂಚಿಗೆ ಇನ್ನೇನು ಬರಬೇಕು, ಅಲ್ಲಿ ಕಲ್ಲು ಹೊರಕ್ಕೆ ಚಾಚಿಕೊಂಡಿತ್ತು. ಚಿಪ್ಪವ್ವನಿಗೆ ಅದನ್ನು ದಾಟಲು ಆಗಲಿಲ್ಲ. ಉಡಪ್ಪ ನಾಲ್ಕೂ ಕಾಲಿನಿಂದ ಬಂಡೆ ಕಚ್ಚಿ ಹಿಡಿದು, ತನ್ನ ಬಾಲ ಕೆಳಗೆ ಬಿಟ್ಟ. “ಹಿಡ್ಕೋ ತಾಯಿ. ನಾನು ಕಲ್ಲು ಹಿಡಿದರೆ ಆನೆ ಬಂದು ಎಳೆದರೂ ಬಿಡೋನಲ್ಲ.” ಅವಳು ಹಿಡಿದಳು. ಎಲ್ಲರೂ ಸೇರಿ ಎಳೆದರು.

ಮೇಲೆ ಬಂದವಳು ಚಿಪ್ಪವ್ವ ಒಬ್ಬಳೇ, ಬಾಲದ ಮೇಲೆ ಬಿಲ್ಲೆ. ಎಲ್ಲರೂ ಅವಳ ಹಿಂದೆ ಇನ್ನೂ ಯಾರೋ ಬರುತ್ತಾರೆಂದು ಮೋಡದೊಳಗೆ ಕಣ್ಣಿಟ್ಟು ನೋಡುತ್ತಿದ್ದರು. ಅವಳು ನಡೆದದ್ದನ್ನು ಹೇಳಿದಳು. ಕೂಗುಮಾರಿ ಎಂದುಕೊಂಡದ್ದೆಲ್ಲ ಬಿದ್ದವರ ಕೂಗು ಎಂದು ಹೇಳಿದಳು. ಅವರಲ್ಲಿ ಒಂದಲ್ಲ ಒಂದು ಆಷಾಢದಲ್ಲಿ ತನ್ನ ಹೆಸರು ಕೇಳಿಯೂ ಸುಮ್ಮನೆ ನಡೆಯದವರು ಯಾರಿದ್ದರು? ಮುಸುವಜ್ಜ ತನ್ನ ಕರಿಮೋರೆಯನ್ನು ಕೈಯಲ್ಲಿ ಮುಚ್ಚಿಕೊಂಡು ಕೂತುಬಿಟ್ಟ.

ಅಷ್ಟರಲ್ಲಿ ಕೆಳಗಿನಿಂದ ಕೂಗು ಬಂತು. “ಅಪ್ಪಾ... ಯಾರಾದ್ರೂ ಇದ್ದೀರಾ... ನೀರು ಬಂತು...”

“ಇರಲಿ ಬಿಡು” ಎಂದ ಗಡಿಬಿಡಿ. “ಅವನೂ ಕಾಯಲಿ. ಚೆನ್ನಾಗಿ ಬರುತ್ತಲ್ಲ ಅವನಿಗೆ.”

ಚಿಪ್ಪವ್ವನಿಗೂ ಹಾಗೇ ಅನಿಸಿತು. ಅನಿಸಲಿಲ್ಲ ಎಂದರೆ ಸುಳ್ಳಾದೀತು. ಆದರೆ ಆ ಪೊಳ್ಳು ದನಿ ಅವಳ ಕಿವಿಯೊಳಗೆ ಒಂದು ವರ್ಷ ಮನೆ ಮಾಡಿತ್ತು. ಇನ್ನೊಂದನ್ನು ಹೊರಲು ಅವಳಿಂದ ಆಗುತ್ತಿರಲಿಲ್ಲ. “ಈ ಬೆಟ್ಟದಲ್ಲಿ ಇನ್ನು ಯಾರು ಕೂಗಿದರೂ ನಾನು ಓ ಅಂತೀನಿ” ಎಂದಳು. ಅಂಚಿಗೆ ಬಗ್ಗಿ ಕೂಗಿದಳು. “ಓ... ಸಾವಕಾಶಪ್ಪಾ... ನಾವಿಲ್ಲಿದ್ದೀವಿ. ಈ ದನಿ ಹಿಡಿದು ಹತ್ತು. ಜಾರಿದರೆ ಕಲ್ಲು ಬಿಡಬೇಡ.”

ಅವಳ ದನಿ ಸೀಳಿನೊಳಗೆ ಇಳಿಯಿತು. ಗೋಡೆಗಳು ಅದನ್ನು ಎಸೆದಾಡಿದವು. ಕೆಳಗೆ ಮುಟ್ಟುವಾಗ ಅದು ಉದ್ದವಾಗಿತ್ತು, ಪೊಳ್ಳಾಗಿತ್ತು, ಸತ್ತವರ ದನಿಯ ಹಾಗಿತ್ತು. ಅದು ಸಾವಕಾಶಪ್ಪನ ಹೆಸರು ಹಿಡಿದು ಕರೆಯುತ್ತಿತ್ತು.

ಕೆಳಗಿನ ಕೂಗು ತಟ್ಟನೆ ನಿಂತಿತು.

“ಸಾವಕಾಶಪ್ಪಾ...” ಎಂದಳು ಚಿಪ್ಪವ್ವ ಮತ್ತೆ. ಮುಸುವಜ್ಜ ಕರೆದ. ಉಡಪ್ಪ ಕರೆದ. ಕೊನೆಗೆ ಗಡಿಬಿಡಿಯೂ ಕರೆದ. ಉತ್ತರ ಬರಲಿಲ್ಲ. ಎಷ್ಟೋ ವರ್ಷ ಹೇಳಿ ಹೇಳಿ ಅವನ ಸುಳ್ಳು ಅವನಿಗೇ ನಿಜವಾಗಿಬಿಟ್ಟಿತ್ತು. ಹೆಸರು ಹಿಡಿದು ಕರೆದರೆ ಓ ಎನ್ನಬಾರದು ಎಂದು ಕಾಡಿಗೆಲ್ಲ ಕಲಿಸಿದವನು, ತನ್ನ ಹೆಸರಿಗೆ ಓ ಎನ್ನದೆ, ಬಾಯಿ ಬಿಗಿಹಿಡಿದು, ಕತ್ತಿನವರೆಗೆ ನೀರು ಬರುವ ತನಕ ನಿಂತೇ ಇದ್ದ. ಆಮೇಲೆ ನೀರಿನ ಸದ್ದಷ್ಟೇ ಕೇಳಿಸಿತು.

ಆವತ್ತು ಸಂಜೆಗೆ ಮೊದಲು ಎಲ್ಲರೂ ನೆತ್ತಿ ಮುಟ್ಟಿದರು. ಗಡಿಬಿಡಿ ಬಿಲ್ಲೆಗೆ ಇರುವೆ ಗೂಡು ತೋರಿಸಿದ. ಚಿಪ್ಪವ್ವನ ಉಗುರುಗಳು ಬೆಳೆಯಲು ಬಹಳ ದಿನ ಬೇಕಾಯಿತು.

ಈಗಲೂ ಆಷಾಢದಲ್ಲಿ ಮೋಡಗಲ್ಲಿನ ಮೇಲೆ ಮೋಡ ಕೂತಾಗ ಒಳಗಿನಿಂದ ಕೂಗು ಕೇಳುತ್ತದಂತೆ. ಒಂದು ಹೆಸರು, ಒಂದು ಓ. ಮತ್ತೊಂದು ಹೆಸರು, ಮತ್ತೊಂದು ಓ. ಹೆದರಬೇಡಿ. ಮೇಲೆ ಹತ್ತುತ್ತಿರುವವರು ಒಬ್ಬರನ್ನೊಬ್ಬರು ಕರೆದುಕೊಳ್ಳುತ್ತಿರುವುದು ಅದು. ಕೊನೆಗೆ ಒಂದು ಹೆಸರಿಗೆ ಮಾತ್ರ ಓ ಬರುವುದಿಲ್ಲ. ಆದರೂ ಪ್ರತಿವರ್ಷ ಆ ಸೀಳಿನ ಹತ್ತಿರ ಬಂದಾಗ ಚಿಪ್ಪವ್ವ ಬಗ್ಗಿ ಆ ಹೆಸರು ಹಿಡಿದು ಕರೆಯುತ್ತಾಳೆ. “ಮುಳ್ಳವ್ವಾ...” ಎಂದು ಕರೆದು, ಸ್ವಲ್ಪ ಹೊತ್ತು ನಿಂತು, ತಾನೇ ಓ ಎಂದು ಮುಂದೆ ಹತ್ತುತ್ತಾಳೆ.

ನೀತಿ: ಜಾರುವುದು ಸೋಲಲ್ಲ, ಜಾರಿದಾಗ ಹೆದರಿ ಕೈಬಿಡುವುದೇ ಸೋಲು. ಬಿದ್ದವರ ಕೂಗಿಗೆ ಓಗೊಡಿ, ಆ ಒಂದು ಓ ಹಿಡಿದೇ ಅವರು ಮೇಲೆದ್ದು ಬರುತ್ತಾರೆ. ಓಗೊಡಬೇಡಿ ಎಂದು ಕಲಿಸುವವನಿಗೆ, ಅವನು ಬಿದ್ದ ದಿನ, ಯಾರ ದನಿಯೂ ಆಸರೆಯಾಗುವುದಿಲ್ಲ.